ಅಪ್ಪನ ಧೋತರದ ಮೇಲೆ ಬಿದ್ದ ಸೂರ್ಯ

ಕೊರೊನಾ ಬರುವ ಹಿಂದಿನ ವರ್ಷದ ಚಳಿಗಾಲ. ನಾನು ಆಗ ಕಲಬುರಗಿಯಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಯಾವ ವಿಷಯ ಎಂದು ಯಾರಾದರೂ ಕೇಳಿದರೆ ಸೂರ್ಯನ ಕಾಂತಶಕ್ತಿ ಎನ್ನುತ್ತಿದ್ದೆ. "ನಮ್ಮೂರ ಬಿಸಲಾಗ ಇಷ್ಟು ದಿನ ಬೆಂದದ್ದು ಸಾಲದೇನವಾ?" ಎಂದು ನಗುತ್ತಿದ್ದರು. ಕಲಬುರಗಿಯವರಿಗೆ ಸೂರ್ಯನ ಬಗ್ಗೆ ಹೊಸದಾಗಿ ತಿಳಿಯಬೇಕಾದ್ದು ಏನೂ ಇಲ್ಲ. ನಾನೂ ಅವರ ಜೊತೆ ನಗುತ್ತಿದ್ದೆ.

ನಮ್ಮೂರು ಕಮಲಾಪುರ. ಅಪ್ಪ ತೀರಿಕೊಂಡ ಮೇಲೆ ಅವ್ವ ಬಸ್ ಸ್ಟ್ಯಾಂಡಿನ ಎದುರು ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರಿ ನನ್ನನ್ನು ಓದಿಸಿದಳು. ಕಮಲಾಪುರದ ಕೆಂಪು ಬಾಳೆಹಣ್ಣು ಎಂದರೆ ಸುತ್ತಲಿನ ಊರುಗಳಲ್ಲಿ ಹೆಸರುವಾಸಿ. ನಾನು ಪಿಎಚ್.ಡಿ.ಗೆ ಸೇರಿದ ಮೇಲೆ ಅದರ ರುಚಿ ನನ್ನ ಗೈಡ್ ಆಗಿದ್ದ ಸರ್ ಮನೆಯವರಿಗೂ ಹತ್ತಿತು. ಊರಿಗೆ ಹೋಗಿ ಬಂದಾಗಲೆಲ್ಲ ಒಂದೆರಡು ಚಿಪ್ಪು ಹಣ್ಣು ಅವರ ಮನೆಗೆ ಮುಟ್ಟಿಸುವುದು ನನ್ನ ಸಂಶೋಧನೆಯ ಒಂದು ಭಾಗವೇ ಆಯಿತು. ಗೈಡ್ ಮನೆಯ ಗ್ಯಾಸ್ ಸಿಲಿಂಡರ್ ಬದಲಿಸಿದವರು, ಅವರ ಮಗಳ ಮದುವೆಯ ಕಾರ್ಡ್ ಹಂಚಿದವರು ನಮ್ಮ ವಿಭಾಗದಲ್ಲಿ ಬೇಕಾದಷ್ಟು ಜನ ಇದ್ದರು. ಅವರಿಗೆ ಹೋಲಿಸಿದರೆ ನನ್ನದು ಹಗುರ ಕೆಲಸ.

ಆದರೆ ಒಂದು ಮಾತು ಹೇಳಲೇಬೇಕು. ನಮ್ಮದು ಬುದ್ಧ ವಿಹಾರಕ್ಕೆ ನಡೆದುಕೊಳ್ಳುವ ಮನೆತನ. ಸರ್ ಮನೆಯಲ್ಲಿ ನಾನು ಹೊರಗಿನ ಜಗಲಿ ದಾಟಿ ಒಳಗೆ ಹೋದದ್ದಿಲ್ಲ. ಹಣ್ಣು ಒಳಗೆ ಹೋಗುತ್ತಿತ್ತು, ನನಗೆ ಕಾಗದದ ಲೋಟದಲ್ಲಿ ಚಹಾ ಹೊರಗೆ ಬರುತ್ತಿತ್ತು. ಸಿಪ್ಪೆ ಸುಲಿದು ತಿನ್ನುವ ಹಣ್ಣು ಯಾರ ಕೈಯಿಂದ ಬಂದರೂ ನಡೆಯುತ್ತದೆ ಎಂದು ಕಾಣುತ್ತದೆ. ಅವ್ವನಿಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಹಣ್ಣು ಕೊಡುತ್ತಿರಲಿಲ್ಲ.

ಇನ್ನು ನನ್ನ ಕೆಲಸದ ಮಾತು. ಸೂರ್ಯನ ಮೈಮೇಲೆ ಆಗಾಗ ಕಪ್ಪು ಕಲೆಗಳು ಮೂಡುತ್ತವೆ. ಕಾಂತಶಕ್ತಿ ಒಂದೇ ಕಡೆ ಗಂಟು ಕಟ್ಟಿದ ಜಾಗಗಳು ಅವು. ಹೆಚ್ಚಾಗಿ ಜೋಡಿಯಾಗಿ ಬರುತ್ತವೆ. ಸೂರ್ಯ ತಿರುಗುವ ದಿಕ್ಕಿನಲ್ಲಿ ದೊಡ್ಡ ಕಲೆ ಮುಂದೆ ಹೋಗುತ್ತದೆ, ಸಣ್ಣವು ಅದರ ಹಿಂದೆ. ಅಪರೂಪಕ್ಕೆ ಈ ಕ್ರಮ ತಪ್ಪಿ ಹಿಂದು ಮುಂದಾದ ಜೋಡಿ ಕಾಣಿಸಿಕೊಂಡರೆ ಅದು ದೊಡ್ಡ ಸುದ್ದಿ. ಅಂಥ ಕಲೆಗಳು ಸೂರ್ಯನ ಮುಂದಿನ ವರ್ಷಗಳ ಸ್ವಭಾವವನ್ನೇ ಬದಲಿಸಬಲ್ಲವು ಎನ್ನುತ್ತಾರೆ.

ಹಲವು ದೇಶಗಳು ಸೇರಿ ಸೂರ್ಯನನ್ನು ನೋಡಲೆಂದೇ ಹಾರಿಸಿದ ಒಂದು ನೌಕೆಯಿಂದ ನಮಗೆ ಚಿತ್ರಗಳು ಬರುತ್ತಿದ್ದವು. ಹೊಸ ಚಿತ್ರಗಳು ನೋಂದಾಯಿಸಿಕೊಂಡವರಿಗೆ ಮಾತ್ರ, ಎಲ್ಲರಿಗೂ ಸಿಗುವುದು ತಿಂಗಳುಗಳ ನಂತರ. ನಮ್ಮ ವಿಭಾಗದಲ್ಲಿ ನೋಂದಾಯಿಸಿಕೊಂಡವರು ಸರ್ ಒಬ್ಬರೇ. ಲಾಗಿನ್ ಅವರದು, ಪಾಸ್‌ವರ್ಡ್ ಅವರದು, ಆ ಕಡೆಯಿಂದ ಬರುವ ಮೇಲ್‌ಗಳೆಲ್ಲ ಅವರಿಗೇ. ಅವರು ಬೇಕಾದ ಚಿತ್ರ ಇಳಿಸಿ, ಜೊತೆಗೆ ಬರುವ ವಿವರಗಳನ್ನೆಲ್ಲ ಕತ್ತರಿಸಿ, ಬರೀ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಕೊಡುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಅರ್ಥವಾದದ್ದು ಆಗ.

ಆ ಚಳಿಗಾಲದಲ್ಲಿ ನಮ್ಮೂರ ಶಾಲೆಯ ಮಕ್ಕಳಿಗೆ ಸೂರ್ಯನನ್ನು ತೋರಿಸಬೇಕೆಂದು ವಿಭಾಗದ ಸಣ್ಣ ದೂರದರ್ಶಕವನ್ನು ಕೇಳಿ ಪಡೆದು ಊರಿಗೆ ಒಯ್ದಿದ್ದೆ. ಸೋಮವಾರ ಶಾಲೆ, ಭಾನುವಾರ ಮನೆಯಲ್ಲೇ ಒಮ್ಮೆ ಜೋಡಿಸಿ ನೋಡೋಣ ಎಂದು ಮಾಳಿಗೆ ಹತ್ತಿದೆ. ಸೂರ್ಯನನ್ನು ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವಂತಿಲ್ಲ, ಕಣ್ಣು ಹೋಗುತ್ತದೆ. ಬಿಂಬವನ್ನು ಬಿಳಿ ಪರದೆಯ ಮೇಲೆ ಬೀಳಿಸಿ ನೋಡಬೇಕು. ನಮ್ಮ ಮನೆಯಲ್ಲಿ ಬಿಳಿ ಪರದೆ ಎಲ್ಲಿಂದ ಬರಬೇಕು? ಅವ್ವ ಟ್ರಂಕಿನಿಂದ ಅಪ್ಪನ ಹಳೆಯ ಧೋತರ ತೆಗೆದು, ಮಡಿಕೆ ಬಿಡಿಸಿ, ಬಟ್ಟೆ ಒಣ ಹಾಕುವ ಹಗ್ಗಕ್ಕೆ ಬಿಗಿಯಾಗಿ ಕಟ್ಟಿದಳು.

ತಟ್ಟೆಯಷ್ಟು ದೊಡ್ಡ ಸೂರ್ಯ ಅಪ್ಪನ ಧೋತರದ ಮೇಲೆ ಬಂದು ಕುಳಿತ. ಸೂರ್ಯ ಶಾಂತವಾಗಿದ್ದ ಕಾಲ ಅದು, ಮೈಮೇಲೆ ಕಲೆಗಳೇ ಅಪರೂಪ. ಆ ದಿನ ಒಂದೇ ಒಂದು ಗುಂಪು ಇತ್ತು. ದೂರದರ್ಶಕವನ್ನು ಅಲುಗಿಸದೆ ಬಿಟ್ಟರೆ ಬಿಂಬ ತಾನಾಗಿಯೇ ನಿಧಾನವಾಗಿ ಒಂದು ಕಡೆಗೆ ಸರಿಯುತ್ತದೆ. ಅದು ಸರಿಯುವ ಕಡೆಯೇ ಸೂರ್ಯನ ಪಶ್ಚಿಮ, ಅಂದರೆ ಮುಂದಿನ ದಿಕ್ಕು. ಬಿಂಬ ತಲೆಕೆಳಗಾಗಿ ಬೀಳಲಿ, ಅಡ್ಡ ಬೀಳಲಿ, ಈ ಲೆಕ್ಕ ತಪ್ಪುವುದಿಲ್ಲ.

ಅವ್ವ ಧೋತರದ ಹತ್ತಿರ ಹೋಗಿ ನೋಡಿದಳು. "ಇವೇನ ಇವು, ಸೂರ್ಯಪ್ಪನ ಮೈಮ್ಯಾಲ ನೊಣ ಕೂತಾವೇನು?" ಎಂದಳು. ಕಲೆ ಎಂದು ಹೇಳಿದೆ. ಬಿಂಬ ಸರಿಯುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, "ದೊಡ್ಡದು ಮುಂದ ಹೊಂಟದ, ಸಣ್ಣದು ಹಿಂದ ಹೊಂಟದ. ಎಮ್ಮಿ ಹಿಂದ ಕರ ಹೋದಂಗ," ಎಂದಳು.

ನನಗೆ ಬಹಳ ಸಂತೋಷವಾಯಿತು. ನಾನು ಹಗಲೂ ರಾತ್ರಿ ಓದುತ್ತಿದ್ದ ವಿಷಯವನ್ನು ಅವ್ವ ಕಣ್ಣಾರೆ ನೋಡಿದ್ದು ಅದೇ ಮೊದಲು. ಅಪ್ಪ ಇದ್ದಿದ್ದರೆ ಎಂದು ಇಬ್ಬರಿಗೂ ಅನಿಸಿತು. ಆ ಭಾನುವಾರ ನನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಒಂದು.

ಮುಂದಿನ ವಾರ ಸರ್ ಹೊಸ ಚಿತ್ರಗಳನ್ನು ಕೊಟ್ಟರು. ಅವುಗಳಲ್ಲಿ ಆ ಭಾನುವಾರದ ಚಿತ್ರವೂ ಇತ್ತು. ತೆರೆದು ನೋಡಿದೆ. ಅದೇ ಗುಂಪು, ಆದರೆ ಸಣ್ಣದು ಮುಂದೆ, ದೊಡ್ಡದು ಹಿಂದೆ. ನನಗಿಂತ ಮೊದಲೇ ಅದನ್ನು ಕಂಡಿದ್ದ ಸರ್ ಖುಷಿಯಲ್ಲಿ ಕುಳಿತಲ್ಲಿ ಕುಳಿತಿರಲಿಲ್ಲ. "ಇದು ಸಣ್ಣ ವಿಷಯ ಅಲ್ಲ ತಂಗಿ. ಹಿಂದು ಮುಂದಾದ ಜೋಡಿ. ನಮ್ಮ ಕಲಬುರಗಿಯಿಂದ ಹೊರಗ ಬರ್ತದ ಇದು," ಎಂದರು.

"ಸರ್, ಆ ದಿನ ನಾ ಊರಾಗ ಸೂರ್ಯನ್ನ ನೋಡೀನ್ರಿ. ದೊಡ್ಡದೇ ಮುಂದಿತ್ತು. ಈ ಚಿತ್ರದಾಗ ಏನೋ ತಿರಗಾ ಮುರಗಾ ಆಗ್ಯಾದ್ರಿ," ಎಂದೆ.

"ಪರದೆ ಮ್ಯಾಲ ಬೀಳೂ ಬಿಂಬ ತಲಿಕೆಳಗೇ ಇರ್ತದ. ಇಷ್ಟೂ ಗೊತ್ತಿಲ್ಲೇನು ನಿನಗ?"

"ಗೊತ್ತದ್ರಿ ಸರ್. ಅದಕ್ಕೇ ಬಿಂಬ ಯಾವ ಕಡಿ ಸರೀತದ ಅಂತ ನೋಡಿನೇ ಹೇಳ್ಲಾಕತ್ತೀನ್ರಿ. ನಮ್ಮವ್ವನೂ ನೋಡ್ಯಾಳ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಷ್ಟು ದೇಶ ಕೂಡಿ ಹಾರಿಸಿದ ನೌಕಿ ಸುಳ್ಳು, ನಿಮ್ಮಪ್ಪನ ಧೋತರ ಖರೆ ಅಂತೀ ಏನು?"

ಅಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಹಿಂದಿನ ದಿನದ್ದು, ಮರುದಿನದ್ದು ಚಿತ್ರ ಇಳಿಸಿಕೊಡಿ, ಹೋಲಿಸಿ ನೋಡಿದರೆ ಗೊತ್ತಾಗುತ್ತದೆ ಎಂದೆ. ನೆಟ್ ಸ್ಲೋ ಇದೆ ಎಂದರು. ಹಾಗಾದರೆ ನೌಕೆಯವರಿಗೇ ಒಂದು ಮೇಲ್ ಹಾಕಿ ಕೇಳಿ ಎಂದೆ. "ಹಂಗೆಲ್ಲ ಕೇಳಿದ್ರ ಇವರಿಗೇನೂ ಬರಂಗಿಲ್ಲ ಅಂತ ತಿಳೀತಾರ. ಕಮಿಟಿ ಬರೂ ಹೊತ್ತಿನಾಗ ಅಡ್ಡಬಾಯಿ ಹಾಕಬ್ಯಾಡ," ಎಂದು ಮಾತು ಮುಗಿಸಿದರು.

ಕಮಿಟಿ ಎಂದರೆ ನಮ್ಮ ವಿಭಾಗವನ್ನು ಪರಿಶೀಲಿಸಲು ಬರುವ ದೊಡ್ಡ ಪ್ರಾಧ್ಯಾಪಕರ ತಂಡ. ಅವರ ಮುಂದೆ ತೋರಿಸಲು ಸರ್‌ಗೆ ಏನಾದರೊಂದು ಬೇಕಿತ್ತು, ಸೂರ್ಯನೇ ಸಿಕ್ಕ. ಪತ್ರಿಕೆಯವರನ್ನು ಕರೆಸಿ ಸುದ್ದಿ ಕೊಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಮರುದಿನ ಸರ್ ಭಾವಚಿತ್ರದ ಜೊತೆ ಸುದ್ದಿ ಬಂತು. ನನ್ನ ಹೆಸರು ಇರಲಿಲ್ಲ, "ಮತ್ತು ತಂಡ" ಎಂದಿತ್ತು. ಆ ತಂಡ ಎಂದರೆ ನಾನೊಬ್ಬಳೇ.

ಆದರೆ ಅವ್ವ ಹಣ್ಣು ಕೊಳ್ಳಲು ಬಂದವರಿಗೆಲ್ಲ "ನಮ್ಮ ಹುಡುಗಿನೂ ಅದರಾಗ ಅದಾಳ" ಎಂದು ಹೇಳಿದ್ದಳಂತೆ. ನಮ್ಮ ಓಣಿಯವರು ಬಸ್ ಸ್ಟ್ಯಾಂಡಿನ ಎದುರು, ಅವ್ವನ ಬುಟ್ಟಿಯಿಂದ ಕಾಣುವ ಹಾಗೆ, ನನ್ನ ಫೋಟೋ ಹಾಕಿ ಒಂದು ಫ್ಲೆಕ್ಸ್ ಕಟ್ಟಿಬಿಟ್ಟರು. "ಸೂರ್ಯನ ಗುಟ್ಟು ಬಿಡಿಸಿದ ಕಮಲಾಪುರದ ಮಗಳು" ಎಂದು ದೊಡ್ಡಕ್ಷರಗಳು. ನಾನು ಫೋನ್ ಮಾಡಿ ತೆಗೆಸವ್ವಾ ಎಂದು ಬೇಡಿಕೊಂಡೆ. "ಪ್ರೀತಿಲೆ ಕಟ್ಯಾರ, ಹ್ಯಾಂಗ ತಗಿ ಅನ್ಲಿ?" ಎಂದಳು ಅವ್ವ.

ಕಮಿಟಿ ಬರುವ ಹಿಂದಿನ ದಿನ ಸರ್‌ಗೆ ಹೊದಿಸಬೇಕಾದ ಶಾಲು ತರಲು ನನ್ನನ್ನೇ ಕಳಿಸಿದರು. ವಿದ್ಯಾರ್ಥಿಗಳ ಪರವಾಗಿ ಸನ್ಮಾನ ಎಂದರೆ ಶಾಲನ್ನು ವಿದ್ಯಾರ್ಥಿಗಳೇ ತರಬೇಕಲ್ಲ. ಸೂಪರ್ ಮಾರ್ಕೆಟ್ ಎನ್ನುವ ಪೇಟೆಯ ಗದ್ದಲದಲ್ಲಿ ಆಟೋಗಳ ನಡುವೆ ನುಸುಳಿಕೊಂಡು ಹೋಗಿ, ಒಂದು ಬಟ್ಟೆ ಅಂಗಡಿಯಲ್ಲಿ ಜರಿ ಅಂಚಿನ ಶಾಲು ಆರಿಸಿದೆ. "ಯಾರಿಗ್ರಿ ಮೇಡಂ, ಲಗ್ನಕ್ಕೇನು?" ಎಂದು ಅಂಗಡಿಯವರು ಕೇಳಿದರು. "ಇಲ್ರಿ, ಸೂರ್ಯನ್ನ ತಿರುವಿದವರಿಗೆ," ಎಂದೆ. ಅವರಿಗೆ ತಿಳಿಯಲಿಲ್ಲ, ಒಳ್ಳೆಯ ಕವರಿನಲ್ಲಿ ಹಾಕಿ ಕೊಟ್ಟರು. ಕಮಿಟಿಯವರಿಗೆಂದು ಅವ್ವ ಮರುದಿನ ಬೆಳಗಿನ ಬಸ್ಸಿಗೆ ಒಂದು ಗೊನೆ ಹಣ್ಣು ಹೇರಿ ಕಳಿಸಿದಳು.

ಕಾರ್ಯಕ್ರಮದಲ್ಲಿ ನೌಕೆಯ ತಂಡದ ವಿಜ್ಞಾನಿಯೊಬ್ಬರು ಪರದೇಶದಿಂದ ವೀಡಿಯೋ ಕರೆಯಲ್ಲಿ ನಾಲ್ಕು ಮಾತಾಡುವ ಏರ್ಪಾಡಿತ್ತು. ಸರ್ ಆ ವಿಜ್ಞಾನಿಯನ್ನು ಕರೆದದ್ದು ಕಮಿಟಿಯ ಮುಂದೆ ತಮ್ಮ ತೂಕ ಹೆಚ್ಚಲಿ ಎಂದು. ಬಿಳಿ ಕೂದಲಿನ ಹೆಂಗಸು, ನಗುಮುಖ. ಸರ್ ಗೋಡೆಯ ಮೇಲೆ ಆ ಭಾನುವಾರದ ಚಿತ್ರ ಹಾಕಿ ಅರ್ಧ ಗಂಟೆ ವಿವರಿಸಿದರು. ಆ ಹೆಂಗಸು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಆಮೇಲೆ, ತುಂಬ ಮೆತ್ತಗಿನ ಇಂಗ್ಲಿಷಿನಲ್ಲಿ, "ಕ್ಷಮಿಸಿ, ಆ ದಿನ ನಮ್ಮ ನೌಕೆ ತಲೆಕೆಳಗಾಗಿತ್ತು," ಎಂದರು.

ವರ್ಷಕ್ಕೆ ಒಂದೆರಡು ಸಲ ನೌಕೆಯನ್ನು ಬೇಕೆಂದೇ ಪೂರ್ತಿ ತಿರುಗಿಸುತ್ತಾರಂತೆ. ತಕ್ಕಡಿ ಸರಿಯಾಗಿದೆಯೇ ಎಂದು ನೋಡಲು ತಟ್ಟೆಗಳನ್ನು ಅದಲು ಬದಲು ಮಾಡುತ್ತೇವಲ್ಲ, ಹಾಗೆ. ಚಿತ್ರದ ಜೊತೆಗಿನ ವಿವರದಲ್ಲಿ ಅದು ಬರೆದಿರುತ್ತದೆ, ಮೊದಲೇ ಎಲ್ಲ ಬಳಕೆದಾರರಿಗೂ ಮೇಲ್ ಕಳಿಸಿದ್ದೆವು ಎಂದರು. ಕತ್ತರಿಸಿ ಒಗೆದ ವಿವರ ಅದು, ತೆರೆಯದೆ ಬಿಟ್ಟ ಮೇಲ್ ಅದು. ಚಿತ್ರವನ್ನು ಸರಿಯಾಗಿ ತಿರುಗಿಸಿದರೆ ದೊಡ್ಡ ಕಲೆ ಮುಂದೆಯೇ ಇರುತ್ತದೆ, ಹೊಸದೇನೂ ಇಲ್ಲ.

ನನಗೆ ಒಂದು ಕ್ಷಣ ಜೀವ ಬಂದ ಹಾಗಾಯಿತು. ನಾನು ಕಂಡದ್ದು ನಿಜವಾಗಿತ್ತು, ಅವ್ವ ಕಂಡದ್ದು ನಿಜವಾಗಿತ್ತು. ಇನ್ನು ಸರ್ ಒಪ್ಪಿಕೊಳ್ಳುತ್ತಾರೆ, ನಮ್ಮ ಹುಡುಗಿ ಮೊದಲೇ ಹೇಳಿದ್ದಳು ಎನ್ನುತ್ತಾರೆ ಎಂದು ನಿಜವಾಗಿಯೂ ನಂಬಿದೆ. ಎಂಥ ಪೆದ್ದಿ ನಾನು.

ಸರ್ ನನ್ನ ಕಡೆ ಕೈ ಮಾಡಿದರು. "ಚಿತ್ರಗಳನ್ನೆಲ್ಲ ನೋಡಿಕೊಂಡವಳು ಈ ವಿದ್ಯಾರ್ಥಿನಿ. ಅವಳ ಅಜಾಗರೂಕತೆಯಿಂದ ಹೀಗಾಗಿದೆ. ನಾನು ಇವಳನ್ನು ನಂಬಿದೆ," ಎಂದು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು.

ನಾನು ಎದ್ದು ನಿಂತೆ. ಗೋಡೆಯ ಮೇಲಿದ್ದ ಆ ಹೆಂಗಸನ್ನೇ ನೋಡುತ್ತ, "ಮೇಡಂ, ಅದೇ ದಿನ ನಾನು ಸೂರ್ಯನನ್ನು ನೋಡಿದ್ದೆ. ಚಿತ್ರ ತಿರುಗಿದೆ ಎಂದು ಇವರಿಗೆ ಹೇಳಿದ್ದೆ. ನಿಮ್ಮನ್ನು ಕೇಳಿ ಎಂದಿದ್ದೆ," ಎಂದೆ. ನನ್ನ ಹರಕು ಮುರುಕು ಇಂಗ್ಲಿಷ್ ಆ ದಿನ ತಡವರಿಸಲಿಲ್ಲ. ಆ ಹೆಂಗಸು ಹಣೆ ಗಂಟಿಕ್ಕಿ, ಮುಂದಕ್ಕೆ ಬಾಗಿ, ಕಿವಿಗೆ ಕೈ ಇಟ್ಟರು. ಕೇಳಿಸುತ್ತಿಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. ನಾನು ಜೋರಾಗಿ ಮತ್ತೆ ಹೇಳಿದೆ. ಆಗ ಲ್ಯಾಪ್‌ಟಾಪಿನ ಕಡೆ ನೋಡಿದೆ. ಸರ್ ಬೆರಳು ಅದರ ಮೇಲಿತ್ತು. ನಾನು ಎದ್ದ ಕೂಡಲೇ ಮೈಕ್ ಮುಚ್ಚಿದ್ದರು.

ಆಮೇಲೆ ಲ್ಯಾಪ್‌ಟಾಪನ್ನೇ ಮಡಚಿ, "ನೆಟ್ ಹೋತ್ರಿ," ಎಂದು ಕಮಿಟಿಯವರಿಗೆ ಹೇಳಿದರು. ಕಮಿಟಿಯವರು ನನ್ನನ್ನು ನೋಡಲಿಲ್ಲ, ಕೈಗಡಿಯಾರ ನೋಡಿಕೊಂಡರು. ಸನ್ಮಾನವೂ ನಿಲ್ಲಲಿಲ್ಲ. ತಂದ ಶಾಲನ್ನು ಏನು ಮಾಡುವುದು? ಹೊದಿಸಿಯೇ ಬಿಟ್ಟರು, ಚಪ್ಪಾಳೆಯೂ ಬಿತ್ತು. ಊಟದ ಹೊತ್ತಿಗೆ ಕಮಿಟಿಯವರು ಅವ್ವನ ಹಣ್ಣು ಸುಲಿದು ತಿನ್ನುತ್ತ, ಎಷ್ಟು ಸಿಹಿ, ಎಲ್ಲಿಯದು ಎಂದು ವಿಚಾರಿಸುತ್ತಿದ್ದರು. ನಾನು ಶರಣಬಸವೇಶ್ವರ ಗುಡಿಯ ಹಿಂದಿನ ನನ್ನ ಬಾಡಿಗೆ ಕೋಣೆಗೆ ನಡೆದುಕೊಂಡೇ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ.

ಎರಡು ದಿನ ಬಿಟ್ಟು ಅದೇ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. ವಿದ್ಯಾರ್ಥಿನಿಯ ನಿರ್ಲಕ್ಷ್ಯದಿಂದ ತಪ್ಪು ವರದಿ ಎಂದಿತ್ತು. ಈ ಸಲ ನನ್ನ ಹೆಸರಿತ್ತು, ಊರೂ ಇತ್ತು. "ಮತ್ತು ತಂಡ" ಮಾತ್ರ ಇರಲಿಲ್ಲ.

ಸರ್ ನನ್ನನ್ನು ಕರೆದು, ತಪ್ಪು ನನ್ನದೇ ಎಂದು ನೌಕೆಯವರಿಗೆ ಬರೆದುಕೊಡು, ವಿಷಯ ಇಲ್ಲಿಗೇ ಮುಗಿಸೋಣ ಎಂದರು. "ಸಿಟ್ಟಿಗೇಳಬ್ಯಾಡ ತಂಗಿ. ಗುರುವಿನ ಮಾನ ಉಳಿಸೂದು ಶಿಷ್ಯರ ಧರ್ಮ. ನಿನ್ನ ಪಿಎಚ್.ಡಿ. ನಾ ಮುಗಿಸಿಕೊಡ್ತೀನಿ."

"ಬರೆಯಂಗಿಲ್ರಿ ಸರ್," ಎಂದೆ.

"ವಿಚಾರ ಮಾಡಿ ಹೇಳು."

"ಮಾಡೀನ್ರಿ."

ಅಲ್ಲಿಗೆ ನನ್ನ ಪಿಎಚ್.ಡಿ. ಮುಗಿದ ಹಾಗೆಯೇ ಆಯಿತು. ಆರು ತಿಂಗಳಿಗೊಮ್ಮೆ ಕೊಡಬೇಕಾದ ಪ್ರಗತಿ ವರದಿಗೆ ಅವರು ಸಹಿ ಹಾಕಲಿಲ್ಲ. ಬೇರೆ ಗೈಡ್ ಹುಡುಕಿದೆ. ಎಲ್ಲರೂ ಕುಳ್ಳಿರಿಸಿ ಮಾತಾಡಿದರು, ಪಾಪ ಎಂದರು, ಯಾರೂ ತೆಗೆದುಕೊಳ್ಳಲಿಲ್ಲ. ನೌಕೆಯ ತಂಡಕ್ಕೆ ನಾನೇ ಒಂದು ಮೇಲ್ ಬರೆದೆ. ಕಂಪ್ಯೂಟರ್ ತಾನಾಗಿ ಕಳಿಸುವ ಉತ್ತರ ಬಂತು. ಈ ಕುರಿತು ನಿಮ್ಮ ಸಂಸ್ಥೆಯ ನೋಂದಾಯಿತ ಬಳಕೆದಾರರ ಮೂಲಕ ಸಂಪರ್ಕಿಸಿ, ಧನ್ಯವಾದ. ನಮ್ಮ ಸಂಸ್ಥೆಯ ನೋಂದಾಯಿತ ಬಳಕೆದಾರರು ಯಾರು ಎಂದು ನಿಮಗೆ ಗೊತ್ತೇ ಇದೆ.

ಊರಲ್ಲಿ ಫ್ಲೆಕ್ಸ್ ಇನ್ನೂ ಇತ್ತು. ಈಗ ಅದನ್ನು ಕಟ್ಟಿದವರಿಗೂ ಬೇಡ, ಬಿಚ್ಚುವವರೂ ಇಲ್ಲ. ಬಸ್ಸಿಳಿದವರು ಅದನ್ನೊಮ್ಮೆ, ಅವ್ವನನ್ನೊಮ್ಮೆ ನೋಡುತ್ತಿದ್ದರಂತೆ. "ಏನವಾ, ನಿನ್ನ ಮಗಳು ಸೂರ್ಯನ್ನೇ ತಲಿಕೆಳಗ ಮಾಡ್ಯಾಳಂತಲ್ಲ," ಎಂದು ಒಬ್ಬರು ನಕ್ಕಾಗ, ಅವ್ವ ಕೊಟ್ಟ ಹಣ್ಣನ್ನು ಅವರ ಕೈಯಿಂದ ವಾಪಸ್ ಕಸಿದುಕೊಂಡಳಂತೆ. "ನಾ ಕಣ್ಣಾರೆ ನೋಡೀನಿ. ಎಮ್ಮಿ ಮುಂದಿತ್ತು, ಕರ ಹಿಂದಿತ್ತು. ಯಾರ ಮುಂದ ಕರೀತೀರಿ ಕರೀರಿ, ಬಂದು ಹೇಳ್ತೀನಿ," ಎಂದಳಂತೆ. ಪಕ್ಕದ ಚಹಾ ಅಂಗಡಿಯ ಚಾಚಾ ಇದನ್ನು ನನಗೆ ಹೇಳಿದರು. ಅವರಿಗೆ ಎಮ್ಮೆ ಯಾವುದು, ಕರು ಯಾವುದು ಎಂದು ತಿಳಿದಿರಲಿಲ್ಲ. "ತೇರಿ ಅಮ್ಮಾ ಝೂಟ್ ನೈ ಬೋಲ್ತಿ ಬೇಟಿ, ಸುಳ್ಳ ಹೇಳಾಕಿ ಅಲ್ಲ ಅಕಿ, ಅದಷ್ಟು ನನಗ ಗೊತ್ತದ," ಎಂದರು. ಇಡೀ ವಿಭಾಗದಲ್ಲಿ ಒಬ್ಬರೂ ಆಡದ ಮಾತು ಅದು.

ಈಗ ನಾನು ಮಹಾಗಾಂವದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಚಳಿಗಾಲದಲ್ಲಿ ಮಕ್ಕಳಿಗೆ ಸೂರ್ಯನ ಬಿಂಬ ತೋರಿಸುತ್ತೇನೆ, ಅದೇ ಧೋತರದ ಮೇಲೆ. ಯಾವ ಕಲೆ ಮುಂದಿದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ಅದನ್ನು ಕೇಳುವಾಗ ನನಗೆ ಸಂತೋಷವಾಗಬೇಕು. ಆಗುವುದಿಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರಿಗೆ ಮರೆಯುವಂಥದ್ದು ಏನೋ ಆಗಿರಬೇಕು.

ಹೋದ ತಿಂಗಳು ನಮ್ಮ ಹಳೆಯ ವಿಭಾಗದಿಂದ ಫೋನ್ ಬಂತು. ನನಗಿಂತ ಚಿಕ್ಕವಳಾದ ಸಂಶೋಧನಾ ವಿದ್ಯಾರ್ಥಿನಿ, ನನ್ನ ಕಥೆ ಅವಳಿಗೆ ಗೊತ್ತಿರಲಿಲ್ಲ. ನಾನು ಆಗ ಊರಲ್ಲಿ ಅವ್ವನ ಬುಟ್ಟಿಯ ಪಕ್ಕ ಕುಳಿತಿದ್ದೆ, ಬಸ್ ಸ್ಟ್ಯಾಂಡಿನ ಗದ್ದಲಕ್ಕೆ ಕೇಳಿಸದೆ ಸ್ಪೀಕರ್ ಹಾಕಿದೆ. "ಅಕ್ಕಾ, ಸರ್ ರಿಟೈರ್ ಆಗ್ಲಾಕತ್ತಾರ್ರಿ. ದೊಡ್ಡ ಕಾರ್ಯಕ್ರಮ ಇಟ್ಕೊಂಡೀವಿ. ನಿಮ್ಮೂರಾಗ ಕೆಂಪು ಬಾಳಿಹಣ್ಣು ಛಲೋ ಸಿಗ್ತಾವಂತಲ್ರಿ? ಬಂದವರಿಗೆ ಕೊಡ್ಲಾಕ ಎರಡು ಗೊನಿ ಬೇಕಾಗ್ಯಾವ. ಸರ್ ಖುದ್ದು ನಿಮ್ಮ ನಂಬರ್ ಕೊಟ್ಟಾರ," ಎಂದಳು.

ನಾನು ಅವ್ವನ ಮುಖ ನೋಡಿದೆ. ಅವ್ವ ಬುಟ್ಟಿಯ ಮೇಲಿನ ಒದ್ದೆ ಗೋಣಿಚೀಲ ಸರಿಪಡಿಸುತ್ತಿದ್ದಳು. ಹಿಂದೆ ಗಳಕ್ಕೆ ಮೂರ್ನಾಲ್ಕು ಗೊನೆ ತೂಗುಬಿದ್ದಿದ್ದವು, ಬೆಳಿಗ್ಗೆ ಇಳಿಸಿದ ತಾಜಾ ಹಣ್ಣು.

"ತೀರ್‍ಯಾವ ಅಂತ ಹೇಳವಾ," ಎಂದಳು. ಹುಟ್ಟಿದಾಗಿನಿಂದ ನಾನು ಅವ್ವನ ಬಾಯಲ್ಲಿ ಕೇಳಿದ ಒಂದೇ ಸುಳ್ಳು ಅದು.

ಆ ಭಾನುವಾರ ಕಂಡದ್ದಕ್ಕೆ ನನ್ನ ಪರವಾಗಿ ಸಾಕ್ಷಿ ಹೇಳಬಲ್ಲವಳು ಈ ಜಗತ್ತಿನಲ್ಲಿ ಅವಳೊಬ್ಬಳೇ ಇದ್ದಳು. ಕರೆಯಿರಿ, ಬಂದು ಹೇಳುತ್ತೇನೆ ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ. ಇಷ್ಟು ವರ್ಷದ ಮೇಲೆ ಕರೆ ಬಂತು, ಅವಳ ಹಣ್ಣಿಗೆ.